ಕೊಯ್ದ ಗಡ್ಡಿ ಎಲ್ಲೆ ಹೋತು ಅಂತ ಕೇಳ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಪೇಪರಿನ ಆರೋಗ್ಯದ ಪುಟದಾಗ ಸ್ತನ ಕ್ಯಾನ್ಸರ್ ಬಗ್ಗೆ ಬರದಿದ್ರಿ, ಗುಲಾಬಿ ರಿಬ್ಬನ್ನಿನ ಚಿತ್ರ ಹಾಕಿ. 40 ದಾಟಿದ ಹೆಣ್ಣಮಕ್ಕಳು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿಕೊಳ್ರಿ ಅಂತ ಇತ್ತು. ಚಲೋ ಬರದಿದ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಆ ಪುಟ ನನ್ನ ಅಂಗಡಿ ಕಟ್ಟಿ ಮ್ಯಾಲ ಬಿದ್ದಿತ್ತು, ಬ್ಲೌಸ್ ಒಯ್ಯಾಕ ಬಂದಿದ್ದ ಇಬ್ರು ಕಾಲೇಜ್ ಹುಡುಗ್ಯಾರು ಅದನ್ನ ಓದಿ ಏನಂದ್ರು ಗೊತ್ತೇನ್ರಿ, "ನಮಗಿನ್ನ 20 ವರ್ಷ ಟೈಮ್ ಐತಿ ಬಿಡ್ರಿ ಅಕ್ಕಾರ" ಅಂತ ನಕ್ಕೋತ ಹೋದ್ರು. ಅವರು ಹೋದ ಮ್ಯಾಲ ನನಗ ಕತ್ತರಿ ಹಿಡಿಯಾಕ ಆಗಲಿಲ್ಲ. ಗಂಟು ಸಣ್ಣ ವಯಸ್ಸಿನವರಿಗೂ ಬರತೈತಿ, ಕೊಯ್ದು ತಗದ ಗಡ್ಡಿ, ಅಂದ್ರ ಆ ಗಂಟು, ಲ್ಯಾಬಿಗೆ ಹೋಗಲೇಬೇಕು ಅಂತ ಹೇಳಾಕ ಈ ಪತ್ರ ಬರಿಯಾಕ ಕುಂತೀನಿ, ಮೊಬೈಲಿನಾಗ ಟೈಪ್ ಮಾಡಾಕತ್ತೀನಿ, ತಪ್ಪಿದ್ರ ತಿದ್ದಿಕೊಳ್ರಿ.

ನಾನು ಬೆಟಗೇರಿಯಾಕಿ. 22 ವರ್ಷದಿಂದ ಬ್ಲೌಸ್ ಹೊಲಿತೀನಿ. ನೇಕಾರ ಮನಿತನ ನಮ್ಮದು, ನಮ್ಮಪ್ಪ ಮಗ್ಗ ಹೂಡಿದ್ರು, ನಾನು ಮಷೀನ್ ಹೂಡಿದೆ ಅಷ್ಟ. ಹೆಣ್ಣಮಕ್ಕಳ ಮೈ ಅಳತಿ ನನಗ ಗೊತ್ತಿದ್ದಷ್ಟು ಅವರ ಅವ್ವಗೋಳಿಗೂ ಗೊತ್ತಿರಂಗಿಲ್ಲ. ಒಬ್ಬೊಬ್ಬರದು ಒಂದೊಂದು ಹಾಳಿ, ಪ್ರತಿ ಸಲ ಅಳತಿ ತಗೊಂಡಾಗ ತಾರೀಖು ಹಾಕಿ ಬರದಿಡತೀನಿ, ಯಾಕಂದ್ರ ಹಬ್ಬಕ್ಕೊಮ್ಮೆ ಬರೂ ಗಿರಾಕಿಗೋಳು "ಹಳೇ ಅಳತಿಗೇ ಹೊಲಿರಿ" ಅಂತಾರ, ಆಮ್ಯಾಲ ಬಿಗಿ ಆತು ಅಂತ ಜಗಳಕ್ಕ ಬರತಾರ. ಈ ಅಳತಿ ಪುಸ್ತಕದ ಮಾತು ಮುಂದ ಬರತೈತಿ, ನೆನಪಿಟ್ಕೋರಿ.

ನಮ್ಮ ಅಕ್ಕನ ಮಗಳು ಧಾರವಾಡದಾಗ ಹಾಸ್ಟೆಲಿನಾಗ ಇದ್ದು ಬಿ.ಎಡ್ ಓದಾಕತ್ತಿದ್ಲು. ವಯಸ್ಸು 22. ಪಂಚಮಿಗೆ ಬಂದಾಗ ಆಕಿ ಅಳತಿ ತಗೊಂಡಿದ್ದೆ, ಎರಡೂ ಕಡಿ ಸರಿ ಇತ್ತು. ದೀಪಾವಳಿಗೆ ಆಕಿಗೆ ಒಂದು ಕಟೋರಿ ಬ್ಲೌಸ್ ಹೊಲದು ಟ್ರಯಲ್ ಹಾಕಿಸಿದ್ರ ಎಡಗಡಿ ಕಟೋರಿ ಕುಂಡ್ರವಲ್ದು, ಹುಕ್ ಹಾಕಿದ್ರ ಆ ಕಡಿ ಅರಬಿ ಎಳದು ಸುಕ್ಕು ಬೀಳತೈತಿ. ನಾನು ಕಟಿಂಗ್ ತಪ್ಪೇನಿ ಅಂದ್ಕೊಂಡು ಬಿಚ್ಚಿ ಮತ್ತ ಹೊಲದೆ. ಮತ್ತ ಹಂಗ. ಟೇಪ್ ಹಿಡದು ನೋಡಿದ್ರ ನಡಬರಕಿಂದ ಬಗಲಿನ ತನಕ ಎಡಗಡಿ ಒಂದೂಕಾಲ ಇಂಚು ಜಾಸ್ತಿ. ಮೂರು ತಿಂಗಳದಾಗ. "ಏನವಾ ಇದು" ಅಂದೆ. ಹುಡುಗಿ ಮಾರಿ ತಗ್ಗಿಸಿ ಅತ್ತುಬಿಟ್ಲು. "ಚಿಗವ್ವಾ, ಗಣಪತಿ ಹಬ್ಬದ ಟೈಮಿಗೇ ಗಂಟು ಕೈಗೆ ಹತ್ತಿತ್ತು, ಲಿಂಬಿಕಾಯಿಗಿಂತ ಸಣ್ಣದಿತ್ತು, ನೋವಿರಲಿಲ್ಲ, ಯಾರಿಗಿ ಹೇಳಲಿ ಅಂತ ಸುಮ್ನ ಇದ್ದೆ" ಅಂದ್ಲು.

ನೋವಿಲ್ಲ ಅಂತ ಸುಮ್ನ ಇರೂದು ನಮ್ಮ ಕಡಿ ಭಾಳ ಐತ್ರಿ. ನೋವಾದ್ರ ದವಾಖಾನಿ, ಇಲ್ಲಾಂದ್ರ ಇಲ್ಲ. ಇನ್ನ ಅದು ಎಲ್ಲೆ ಆಗೈತಿ ಅಂತ ಹೇಳಾಕ ನಾಚಿಕಿ, ಎದಿ ಅಂತೀವಿ, ಮೈ ಅಂತೀವಿ, "ಅಲ್ಲೆ" ಅಂತೀವಿ. ನಾನು ಈ ಪತ್ರದಾಗ ಮೊಲಿ ಅಂತನ ಬರೀತೀನಿ, ನಿಮ್ಮ ಪೇಪರಿಗೆ ಒಗ್ಗಲಿಲ್ಲಂದ್ರ ಸ್ತನ ಅಂತ ಮಾಡ್ಕೋರಿ.

ಅಕ್ಕ ಏನ ಮಾಡಿದ್ಲು, ಎರಡು ವಾರ ಸುಣ್ಣ ಬೆಲ್ಲ ಕಲಸಿ ಹಚ್ಚಿದ್ಲು, ಔಡಲ ಎಲಿ ಬಿಸಿ ಮಾಡಿ ಕಟ್ಟಿದ್ಲು. ಚರ್ಮ ಸುಟ್ಟು ಕೆಂಪಾತ ಹೊರತು ಗಂಟು ಕರಗಲಿಲ್ಲ. ಆಮ್ಯಾಲ ಒಂದು ನರ್ಸಿಂಗ್ ಹೋಮಿಗೆ ಹೋದ್ವಿ. ಹೆಸರು ಬರಿಯಂಗಿಲ್ಲ, ಊರೂ ಬರಿಯಂಗಿಲ್ಲ. ಸ್ಕ್ಯಾನಿಂಗ್ ಆತು, ಮೂರೂವರಿ ಸೆಂಟಿಮೀಟರ್ ಅಂತ ಬಂತು. ಸಣ್ಣ ಸೂಜಿ ಚುಚ್ಚಿ ನೀರಿನಂಗ ಏನೋ ಎಳದು ಲ್ಯಾಬಿಗೆ ಕೊಟ್ರು, ಎಫ್‌ಎನ್‌ಎಸಿ ಅಂತಾರಲ್ಲ ಅದು. ರಿಪೋರ್ಟಿನಾಗ ಫೈಬ್ರೊಅಡಿನೋಮಾ ಅಂತ ಇತ್ತು. ಡಾಕ್ಟರು ನಕ್ಕು "ಈ ವಯಸ್ಸಿನ ಹುಡುಗ್ಯಾರಿಗೆ ಭಾಳ ಕಾಮನ್, ಕ್ಯಾನ್ಸರ್ ಅಲ್ಲ, ದೊಡ್ಡದಾಗೈತಿ ತಗದು ಬಿಡೂಣು" ಅಂದ್ರು. ಆ ಮಾತು ಸುಳ್ಳಲ್ರಿ. ಹರೇದ ಹುಡುಗ್ಯಾರ ಮೊಲಿಯೊಳಗ ಬರೂ ಗಂಟಿನಾಗ ಹೆಚ್ಚಿನವು ಫೈಬ್ರೊಅಡಿನೋಮಾನ ಇರತಾವು, ಕೈಗೆ ಹಿಡದ್ರ ಜಾರಿ ಜಾರಿ ಓಡತಾವು ಅಂತ ಡಾಕ್ಟರಗೋಳು ಅದಕ್ಕ ಮೊಲಿಯೊಳಗಿನ ಇಲಿ ಅಂತನೂ ಅಂತಾರಂತ, ಸಣ್ಣವಿದ್ದು ಬೆಳಿಲಿಲ್ಲಂದ್ರ ಕೊಯ್ಯೂ ಕೆಲಸನೂ ಇಲ್ಲ, ಆರಾರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸ್ಕೋತ ನೋಡ್ಕೋಬಹುದು. ಹಂಗಾಗಿ ಮೊದಲನೇ ಡಾಕ್ಟರಿಗೆ ನಾನು ಪೂರಾ ಬೈಯಂಗಿಲ್ಲ. ರಿಪೋರ್ಟ್ ಹಂಗ ಇತ್ತು, ವಯಸ್ಸು ಹಂಗ ಇತ್ತು.

ನನ್ನ ಸಿಟ್ಟು ಇರೂದು ಆಮ್ಯಾಲ ಆಗಿದ್ದಕ್ಕ.

ಸಂಕ್ರಾಂತಿ ಮುಗದ ಮ್ಯಾಲ ಆಪರೇಷನ್ ಆತು. ಮುಕ್ಕಾಲ ತಾಸು. ಹೊರಗ ಬೆಂಚಿನ ಮ್ಯಾಲ ನಾನು ಅಕ್ಕ ಕುಂತಿದ್ವಿ, ಬಾಗಲಾ ತಗದು ಒಬ್ಬಾಕಿ ಸಿಸ್ಟರ್ ಸ್ಟೀಲ್ ಟ್ರೇ ಹಿಡ್ಕೊಂಡು ಬಂದ್ಲು, "ನೋಡ್ರಿ, ಪೂರಾ ತಗದೇವಿ" ಅಂತ ತೋರಿಸಿದ್ಲು. ನಮ್ಮ ಕಡಿ ಹಿಂಗ ತೋರಿಸೂ ಪದ್ಧತಿ ಐತಲ್ರಿ, ಕೊಟ್ಟ ರೊಕ್ಕಕ್ಕ ರಸೀದಿ ಇದ್ದಂಗ. ಬೆಳ್ಳಗ, ಸ್ವಲ್ಪ ಬೂದಿ ಬಣ್ಣ, ಮ್ಯಾಲ ಉಬ್ಬು ತಗ್ಗು, ನಡುವ ಒಂದು ಕಡಿ ಸೀಳಿದಂಗ ಇತ್ತು. ನಾನು ನೋಡಿದೆ, ಅಕ್ಕ ಕಣ್ಣು ಮುಚ್ಚಿದ್ಲು. "ಸೇಂಗಾ ಸುಲದಂಗ ಸುಲದು ಬಂತು ನೋಡ್ರಿ" ಅಂತ ಆಮ್ಯಾಲ ಡಾಕ್ಟರೂ ಖುಷಿಲೆ ಹೇಳಿದ್ರು. ನಾನು ಕೇಳೀನ್ರಿ, ಬಾಯಿ ಬಿಟ್ಟು ಕೇಳೀನಿ, "ಸಿಸ್ಟರ್, ಇದನ್ನ ಎಲ್ಲೆ ಕಳಸ್ತೀರಿ" ಅಂತ. "ಸಾದಾ ಗಡ್ಡಿ ಅಕ್ಕಾ, ಸೂಜಿ ಟೆಸ್ಟ್ ಆಗೈತಲ್ಲ, ಮತ್ಯಾಕ ಸುಮ್ನ ಎರಡು ಸಾವಿರ ಖರ್ಚು" ಅಂದ್ಲು. ನಮಗ ಎರಡು ಸಾವಿರ ಉಳೀತಲ್ಲ ಅಂತ ಅನಸ್ತು. ಖರೇ ಹೇಳ್ತೀನಿ, ಆಕಿ ಮ್ಯಾಲ ಉಪಕಾರ ಮಾಡಿದ್ಲು ಅಂತ ಅನಸ್ತು. ಟ್ರೇ ಒಳಗ ಹೋತು. ಆ ಗಡ್ಡಿ ಆಮ್ಯಾಲ ಎಲ್ಲೆ ಹೋತು ದೇವರಿಗೇ ಗೊತ್ತು. ಡಿಸ್ಚಾರ್ಜ್ ಚೀಟಿ ಮ್ಯಾಲ ಒಂದು ಸಾಲು, ಎಡಗಡಿ ಗಂಟು ತೆಗೆಯಲಾಗಿದೆ, ಅಷ್ಟ.

ಎಂಟು ತಿಂಗಳಿಗೆ ಮತ್ತ ಬಂತು. ಅದೇ ಜಾಗಾ, ಹೊಲಿಗಿ ಗುರುತಿನ ಕೆಳಗ. ಈ ಸಲ ಹುಡುಗಿ ಮುಚ್ಚಿಡಲಿಲ್ಲ, ಫೋನ್ ಹಚ್ಚಿ "ಚಿಗವ್ವಾ ಟೇಪ್ ತಗೊಂಡು ಬಾ" ಅಂದ್ಲು. ಒಂದೂವರಿ ತಿಂಗಳದಾಗ ಎರಡು ಸಲ ಅಳದೆ, ಎರಡೂ ಸಲ ಜಾಸ್ತಿನ. ಊರಿನ ನರ್ಸಿಂಗ್ ಹೋಮ್ ಬಿಟ್ಟು ಹುಬ್ಬಳ್ಳಿಗೆ ದೊಡ್ಡ ಆಸ್ಪತ್ರಿಗೆ ಹೋದ್ವಿ. ಅಲ್ಲಿನ ಸರ್ಜನ್ ಕೇಳಿದ ಮೊದಲನೇ ಮಾತು, "ಹಿಂದ ತಗದ ಗಡ್ಡಿ ಬಯಾಪ್ಸಿ ರಿಪೋರ್ಟ್ ಎಲ್ಲೆ?" ಸೂಜಿ ಟೆಸ್ಟಿನ ಕಾಗದ ಕೊಟ್ವಿ. "ಇದಲ್ಲ, ತಗದ ಮ್ಯಾಲಿಂದು." ಇಲ್ರಿ ಅಂದ್ವಿ. ಅವರು ಏನೂ ಅನಲಿಲ್ಲ, ಪೆನ್ ಕೆಳಗಿಟ್ಟು ಒಂದು ನಿಮಿಷ ಸುಮ್ನ ಕುಂತ್ರು. ಆ ಸುಮ್ನ ಕುಂತಿದ್ದು ನೋಡೇ ನನ್ನ ಹೊಟ್ಟಿ ಧಸಕ್ಕಂತು.

ಎರಡನೇದು ಕೇಳಿದ್ದು, ಎಷ್ಟು ಲಗೂ ಬೆಳೀತು. ಅದಕ್ಕ ನನ್ನಲ್ಲೆ ಉತ್ತರ ಇತ್ರಿ. ಅಳತಿ ಪುಸ್ತಕ ಚೀಲದಾಗನ ಇತ್ತು, ತಗದು ಹಾಳಿ ತೋರಿಸಿದೆ, ಪಂಚಮಿ ತಾರೀಖು, ದೀಪಾವಳಿ ತಾರೀಖು, ಎಡ ಬಲ ಇಂಚು ಸಮೇತ. ಡಾಕ್ಟರು ಮೊಬೈಲಿನಾಗ ಅದರ ಫೋಟೊ ಹೊಡ್ಕೊಂಡ್ರು. "ಈ ಗಡ್ಡಿ ಗುರ್ತು ಹಿಡಿಯೂದು ಇದರ ಮ್ಯಾಲನ, ಫೈಬ್ರೊಅಡಿನೋಮಾ ನಿಧಾನ ಬೆಳದು ಒಂದು ಹಂತಕ್ಕ ನಿಲ್ಲತೈತಿ, ಇದು ಓಡತೈತಿ" ಅಂದ್ರು.

ಈ ಸಲ ಸಣ್ಣ ಸೂಜಿ ಅಲ್ಲ, ದಪ್ಪ ಸೂಜಿಯ ಬಯಾಪ್ಸಿ, ಕೋರ್ ಬಯಾಪ್ಸಿ ಅಂತಾರ, ಜಾಗಾ ಮರಗಟ್ಟೂ ಇಂಜೆಕ್ಷನ್ ಕೊಟ್ಟು ಶ್ಯಾವಿಗಿ ಎಳಿ ಹಂಗ ನಾಲ್ಕೈದು ತುಂಡು ತಗೀತಾರ. ಸಣ್ಣ ಸೂಜಿಯಾಗ ಬರೇ ಬಿಡಿ ಬಿಡಿ ಜೀವಕೋಶ ಬರತಾವು, ಅವು ಹ್ಯಾಂಗ ಕೂಡಿ ನೇಯ್ಕೊಂಡಾವು ಅಂತ ಕಾಣಂಗಿಲ್ಲ. ನಾನು ನೇಕಾರರ ಮಗಳು, ನನಗ ಥಟ್ಟನ ತಿಳೀತು. ನಾಲ್ಕು ಎಳಿ ದಾರ ಕೈಯಾಗ ಕೊಟ್ಟು ಇದು ಯಾವ ಸೀರಿ ಹೇಳು ಅಂದ್ರ ಯಾರು ಹೇಳತಾರ್ರಿ, ಒಂದು ತುಂಡು ಅರಬಿ ಕೊಟ್ರ ಹೇಳಬಹುದು. ಆ ತುಂಡು ಅರಬಿನೂ ಕೆಲವು ಸಲ ಸಾಲಂಗಿಲ್ಲ, ಪೂರಾ ಗಡ್ಡಿ ತಗದು ನೋಡಿದಾಗನ ಪಕ್ಕಾ ಆಗೂದು ಅಂತ ಅವರೇ ಹೇಳಿದ್ರು.

ಬಂದ ಹೆಸರು ಫಿಲೋಡಿಸ್ ಟ್ಯೂಮರ್. ನಾನು ಮೂರು ಸಲ ಬರಸ್ಕೊಂಡೆ. ಅಲ್ಲೆ ಹಾವೇರಿ ಕಡಿಯಾಕಿ ಒಬ್ಬ ಪಿಜಿ ಡಾಕ್ಟರ್ ಹುಡುಗಿ ಇದ್ಲು, ನಮ್ಮ ಭಾಷಾದಾಗ ಕುಂಡ್ರಿಸಿ ಹೇಳಿದ್ಲು, ಚೀಟಿ ಹಿಂದ ಚಿತ್ರ ಬರದು. ಜರ್ಮನಿಯ ಯೋಹಾನ್ನೆಸ್ ಮ್ಯೂಲರ್ ಅನ್ನೂರು 1838ರಾಗ ಇದಕ್ಕ ಹೆಸರಿಟ್ರಂತ, ಗ್ರೀಕ್ ಭಾಷಾದಾಗ ಫಿಲೋನ್ ಅಂದ್ರ ಎಲಿ, ಗಡ್ಡಿ ಕೊಯ್ದು ನೋಡಿದ್ರ ಒಳಗ ಎಲಿ ಎಲಿ ಹಂಗ ಮಡಚಿಕೊಂಡಿರತೈತಿ. ಅಕ್ಕ ಔಡಲ ಎಲಿ ಕಟ್ಟಿದ್ದು ನೆನಪಾಗಿ ಅಳೂದೋ ನಗೂದೋ ತಿಳಿಲಿಲ್ಲ ನನಗ. ಮೊಲಿಯೊಳಗ ಬರೂ ಎಲ್ಲಾ ಗಡ್ಡಿ ಲೆಕ್ಕ ಹಿಡದ್ರ ಇದು ನೂರಕ್ಕ ಒಂದೂ ಇಲ್ಲ. ಹೆಚ್ಚಾಗಿ 40ರ ಆಸುಪಾಸಿನವರಿಗೆ ಬರತೈತಿ, ಆದ್ರ 20ರ ಹುಡುಗ್ಯಾರನ್ನೂ ಬಿಟ್ಟಿಲ್ಲ, ಸಣ್ಣ ವಯಸ್ಸಿನವರಿಗೆ ಬಂದಾಗ ಎಲ್ಲಾರೂ ಫೈಬ್ರೊಅಡಿನೋಮಾ ಅಂದ್ಕೊಂಡು ಬಿಡತಾರ, ಸ್ಕ್ಯಾನಿಂಗ್‌ನಾಗೂ ಎರಡೂ ಅಣ್ಣ ತಮ್ಮ ಇದ್ದಂಗ ಕಾಣತಾವು. ಮ್ಯಾಮೊಗ್ರಾಂ ಯಾಕ ಮಾಡಲಿಲ್ಲ ಅಂತ ನಾನೂ ಕೇಳಿದೆ, ಹರೇದವರ ಮೊಲಿ ಒಳಗಿನ ಮಾಂಸ ಗಟ್ಟಿ ಇರತೈತಿ, ಎಕ್ಸ್‌ರೇದಾಗ ಎಲ್ಲಾ ಬೆಳ್ಳಗ ಕಂಡು ಗಂಟು ಅದರಾಗ ಮುಚ್ಚಿ ಹೋಗತೈತಿ, ಅದಕ್ಕ ಸಣ್ಣ ವಯಸ್ಸಿನವರಿಗೆ ಮೊದಲು ಅಲ್ಟ್ರಾಸೌಂಡ್ ಅಂದ್ಲು. ನಿಮ್ಮ ಪುಟದಾಗ ಇದೊಂದು ಸಾಲು ಇರಬೇಕಿತ್ತು ನೋಡ್ರಿ.

ಈ ಫಿಲೋಡಿಸ್‌ನಾಗ ಮೂರು ಥರ. ಸಾದಾ, ನಡುವಿಂದು, ಕೆಟ್ಟದ್ದು. ಬಿನೈನ್, ಬಾರ್ಡರ್‌ಲೈನ್, ಮ್ಯಾಲಿಗ್ನಂಟ್ ಅಂತ ರಿಪೋರ್ಟಿನಾಗ ಬರೀತಾರ. ಹೆಚ್ಚಿನವು ಸಾದಾನ, ಅದಕ್ಕ ಹೆಸರು ಕೇಳಿ ಹೌಹಾರಬ್ಯಾಡ್ರಿ. ಯಾವುದು ಅಂತ ಹೇಳೂರು ಸರ್ಜನ್ ಅಲ್ಲ, ಸ್ಕ್ಯಾನಿಂಗ್‌ನವರಲ್ಲ, ಲ್ಯಾಬಿನಾಗ ಮೈಕ್ರೋಸ್ಕೋಪ್ ಮುಂದ ಕುಂತ ಪೆಥಾಲಜಿಸ್ಟ್. ಅವರು ಜೀವಕೋಶ ಎಷ್ಟು ಒತ್ತೊತ್ತಾಗಿ ತುಂಬ್ಯಾವು, ಅವುಗಳ ಆಕಾರ ಎಷ್ಟು ಕೆಟ್ಟೈತಿ, ಅಂಚು ಸಾಫ್ ಐತೋ ಸುತ್ತಲಿನ ಮಾಂಸದೊಳಗ ನುಗ್ಗೈತೋ ಎಲ್ಲಾ ನೋಡತಾರ, ಅದರ ಜೋಡಿ ಒಂದರಿಂದ ಎರಡಾಗಾಕತ್ತಿದ ಜೀವಕೋಶ ಎಷ್ಟು ಅದಾವು ಅಂತ ಎಣಸ್ತಾರ. ಮೈಕ್ರೋಸ್ಕೋಪಿನಾಗ 10 ಜಾಗಾ ನೋಡಿ ಐದಕ್ಕಿಂತ ಕಡಿಮಿ ಇದ್ರ ಸಾದಾ ಕಡಿ, 5ರಿಂದ 9 ನಡುವಿಂದು, 10 ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರ ಕೆಟ್ಟದ್ದು. ನಮ್ಮ ಹುಡುಗಿಗೆ 6 ಬಂತು. ಬಾರ್ಡರ್‌ಲೈನ್.

ಈಗ ಹೇಳ್ರಿ, ಮೊದಲನೇ ಗಡ್ಡಿಯೊಳಗ ಎಷ್ಟಿತ್ತು? ಅದು ಸಾದಾ ಇದ್ದು ಈಗ ಮುಂದ ಹೋಗೈತೋ, ಆಗಲೇ ಬಾರ್ಡರ್‌ಲೈನ್ ಇತ್ತೋ, ಪೂರಾ ಬಂದಿತ್ತೋ ಅರ್ಧ ಒಳಗ ಉಳದಿತ್ತೋ? ಯಾರೂ ಹೇಳಾಕ ಬರಂಗಿಲ್ಲ. ಗಡ್ಡಿ ಇದ್ರಲ್ಲ ಹೇಳಾಕ. ಲ್ಯಾಬಿಗೆ ಹೋಗಿದ್ರ ಮೇಣದಾಗ ಕೂಡಿಸಿ ಬ್ಲಾಕ್ ಮಾಡಿ ಇಟ್ಟಿರತಾರ, ವರ್ಷಗಟ್ಟಲೆ ಕೆಡಂಗಿಲ್ಲ, ಬೇರೆ ಆಸ್ಪತ್ರಿಯವರು ಕೇಳಿದ್ರ ಆ ಬ್ಲಾಕು ಸ್ಲೈಡು ಒಯ್ದು ಮತ್ತೊಮ್ಮೆ ತೋರಿಸಬಹುದು. ನಾವು ಉಳಿಸಿದ ಎರಡು ಸಾವಿರದ ಕಿಮ್ಮತ್ತು ಇದು.

ಎರಡನೇ ಆಪರೇಷನ್ ಹ್ಯಾಂಗ ಬ್ಯಾರೆ ಇತ್ತು ಅಂತ ಹೇಳಲೇಬೇಕು. ಫೈಬ್ರೊಅಡಿನೋಮಾಕ್ಕ ಸುತ್ತ ಒಂದು ಸಿಪ್ಪಿ ಇದ್ದಂಗ ಇರತೈತಿ, ಸೇಂಗಾದಂಗ ಸುಲದು ತಗದ್ರ ನಡೀತೈತಿ. ಫಿಲೋಡಿಸ್‌ಗೆ ಖರೇ ಸಿಪ್ಪಿ ಇರಂಗಿಲ್ಲ, ಇದ್ದಂಗ ಕಾಣತೈತಿ ಅಷ್ಟ, ಸಣ್ಣ ಸಣ್ಣ ಬೆರಳು ಸುತ್ತಲಿನ ಮಾಂಸದೊಳಗ ಚಾಚಿರತಾವು, ಸುಲದು ತಗದ್ರ ಆ ಬೆರಳು ಅಲ್ಲೆ ಉಳದು ಮತ್ತ ಗಡ್ಡಿ ಆಗತೈತಿ. ಅದಕ್ಕ ಗಡ್ಡಿ ಸುತ್ತ ಚಲೋ ಇದ್ದ ಮಾಂಸನೂ ಒಂದು ಸೆಂಟಿಮೀಟರ್ ಬಿಟ್ಟು ಕೊಯ್ಯತಾರ. "ಮಾರ್ಜಿನ್ ಬೇಕ್ರಿ" ಅಂದ್ರು ಸರ್ಜನ್. ಮಾರ್ಜಿನ್! ನಾನು ದಿನಾ ಅನ್ನೂ ಮಾತು. ಬ್ಲೌಸಿಗೆ ಮಾರ್ಜಿನ್ ಬಿಡದ ಕಟ್ ಮಾಡಿದ್ರ ಮುಂದ ಬಿಚ್ಚಿ ದೊಡ್ಡದು ಮಾಡಾಕ ಬರಂಗಿಲ್ಲ, ಅರಬಿ ಉಳಸಾಕ ಹೋಗಿ ಬ್ಲೌಸೇ ಕಳಕೋತೀವಿ. (ಸಾದಾ ಥರದ್ದಿದ್ರ ಅಂಚು ಸಾಫ್ ಬಂದ್ರ ಸಾಕು, ಪೂರಾ ಒಂದು ಸೆಂಟಿಮೀಟರ್ ಬೇಕಂತಿಲ್ಲ ಅಂತ ಈಗೀಗ ಅಂತಾರ, ಬಾರ್ಡರ್‌ಲೈನ್, ಕೆಟ್ಟದ್ದಕ್ಕ ಮಾತ್ರ ಬಿಡಂಗಿಲ್ಲ.) ಗಡ್ಡಿ ಭಾಳ ದೊಡ್ಡದಿದ್ರ ಪೂರಾ ಮೊಲಿ ತಗಿಯೂ ಪ್ರಸಂಗನೂ ಬರತೈತಿ, ನಮಗ ಬರಲಿಲ್ಲ, ಹೊತ್ತಿಗೆ ಸರಿಯಾಗಿ ಹೋದ್ವಿ ಅಂತ.

ತಗದ ಮ್ಯಾಲ ಏನ ಮಾಡಿದ್ರು ಕೇಳ್ರಿ. ಆ ಪಿಜಿ ಡಾಕ್ಟರಮ್ಮನ ಆಮ್ಯಾಲ ಹೇಳಿದ್ದು. ಗಡ್ಡಿಗೆ ಎರಡು ದಾರದ ಟಾಕಿ ಹಾಕ್ತಾರ, ಸಣ್ಣ ದಾರ ಇದ್ದಲ್ಲೆ ಮ್ಯಾಲಿನ ಮಗ್ಗಲು, ಉದ್ದ ದಾರ ಇದ್ದಲ್ಲೆ ಬಗಲಿನ ಮಗ್ಗಲು. ಇಲ್ಲಾಂದ್ರ ಲ್ಯಾಬಿನವರಿಗೆ ಯಾವ ಕಡಿ ಮ್ಯಾಲ, ಯಾವ ಕಡಿ ಕೆಳಗ ಅಂತ ತಿಳಿಯೂದು ಹ್ಯಾಂಗ? ನಾನು ತೋಳು ಕಟ್ ಮಾಡಿ ಮುಂದಿಂದು ಹಿಂದಿಂದು ಗುರ್ತಿಗೆ ಕತ್ತರಿಲೆ ಸಣ್ಣ ಕಚ್ಚು ಹಾಕೂದಿಲ್ಲೇನು, ಅದೇ ಲೆಕ್ಕ. ಆಮ್ಯಾಲ ಅಗಲ ಬಾಯಿ ಡಬ್ಬಿಯೊಳಗ ಫಾರ್ಮಲಿನ್ (ಮಾಂಸ ಕೆಡದಂಗ ಇಡೂ ಔಷಧದ ನೀರು) ತುಂಬಿ ಅದರಾಗ ಗಡ್ಡಿ ಮುಳುಗಸ್ತಾರ, ಗಡ್ಡಿಯ ಹತ್ತು ಪಟ್ಟು ಫಾರ್ಮಲಿನ್ ಇರಬೇಕು, ನೀರಿನಾಗೋ ಸಲಾಯಿನ್‌ದಾಗೋ ಇಟ್ರ ಕೊಳತು ಹೋಗಿ ಮೈಕ್ರೋಸ್ಕೋಪಿನಾಗ ಏನೂ ತಿಳಿಯಂಗಿಲ್ಲ. ಲ್ಯಾಬಿನಾಗ ಗಡ್ಡಿ ಹೊರಮೈಗೆಲ್ಲಾ ಇಂಕ್ ಹಚ್ಚಿ ಆಮ್ಯಾಲ ಹೋಳು ಮಾಡತಾರ, ಇಂಕಿನ ತನಕ ಗಡ್ಡಿ ಬಂದಿದ್ರ ಒಳಗ ಉಳದೈತಿ ಅಂತ, ಇಂಕಿನಿಂದ ದೂರ ಇದ್ರ ಪೂರಾ ಬಂದೈತಿ ಅಂತ. ಡಬ್ಬಿ ಮ್ಯಾಲ ಹುಡುಗಿ ಹೆಸರು, ನಂಬರ್, ಎಡ ಮೊಲಿ ಅಂತ ಬರದು ನಮಗ ತೋರಿಸಿ ಸಹಿ ಮಾಡಿಸ್ಕೊಂಡ್ರು. ಟ್ರೇದಾಗ ತೋರಿಸೂದು ಬ್ಯಾರೆ, ಡಬ್ಬಿ ತೋರಿಸೂದು ಬ್ಯಾರೆ.

ರಿಪೋರ್ಟ್ ಬರೂ ತನಕ ಹತ್ತು ದಿನ ಮನಿಯೊಳಗ ಯಾರೂ ಸರಿ ಉಂಡಿಲ್ಲ. ಬಂತು, ನಾಲ್ಕೂ ಕಡಿ ಮಾರ್ಜಿನ್ ಸಾಫ್. ಕೆಮೋ ಕೊಡಲಿಲ್ಲ. ಅದಕ್ಕೂ ಓಣಿಯಾಗ ಮಾತು, "ಕೆಮೋ ಕೊಡಲಿಲ್ಲಂದ್ರ ಡಾಕ್ಟರ್ ಕೈ ಬಿಟ್ಟಾರೇನ" ಅಂತ. ಹಂಗಲ್ರಿ, ಈ ಗಡ್ಡಿ ಸಾಮಾನ್ಯ ಸ್ತನ ಕ್ಯಾನ್ಸರಿನಂಗ ಅಲ್ಲ, ಹಾಲಿನ ನಾಳದ ಜೀವಕೋಶದಿಂದ ಅಲ್ಲ, ಅದರ ಸುತ್ತಲಿನ ಆಧಾರದ ಮಾಂಸದಿಂದ ಹುಟ್ಟಿ ಬೆಳಿಯೂದು, ಹಾರ್ಮೋನ್ ಗುಳಗಿ ಇದಕ್ಕ ನಾಟಂಗಿಲ್ಲ, ಬಗಲಿನ ಗಂಟಿಗೆ (ದುಗ್ಧಗ್ರಂಥಿಗೆ) ಹೋಗೂದೂ ಭಾಳ ಕಡಿಮಿ, ಅದಕ್ಕ ಬಗಲು ಕೊಯ್ಯಲಿಲ್ಲ. ಕೆಟ್ಟ ಥರದ್ದು ಹಬ್ಬಿದ್ರ ರಕ್ತದಾಗ ಹೋಗಿ ಹೆಚ್ಚಾಗಿ ಪುಪ್ಪುಸಕ್ಕ ಹತ್ತತೈತಿ. ಕರೆಂಟ್ ಕೊಡೂದು, ರೇಡಿಯೇಷನ್ ಅಂತೀವಲ್ಲ, ಅದನ್ನ ಕೆಟ್ಟದ್ದಕ್ಕ, ಇಲ್ಲಾ ಮಾರ್ಜಿನ್ ಸಿಗದಿದ್ದಕ್ಕ ವಿಚಾರ ಮಾಡತಾರ, ನಮ್ಮ ಹುಡುಗಿದನ್ನ ನಾಲ್ಕೈದು ಡಾಕ್ಟರು ಕೂಡಿ ಮಾತಾಡಿ ಈಗ ಬ್ಯಾಡ ಅಂತ ಮಾಡಿದ್ರು. ಇದರ ಮುಖ್ಯ ಔಷಧ ಅಂದ್ರ ಸರಿಯಾಗಿ ಕೊಯ್ಯೂದು, ಆಮ್ಯಾಲ ಕಣ್ಣಿಟ್ಟು ಕಾಯೂದು. ಮತ್ತ ಬರೂದಿದ್ರ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಾಗ ಬರತೈತಿ. ಆರು ತಿಂಗಳಿಗೊಮ್ಮೆ ಹೋಗಿ ಬರತೀವಿ, ಎರಡು ಸಲ ಆತು, ಸಾಫ್ ಐತಿ.

ರೊಕ್ಕದ ಮಾತೂ ಹೇಳಿಬಿಡತೀನಿ. ಮೊದಲನೇ ಸಲ ಕಾರ್ಡಿನ ವಿಚಾರನ ಮಾಡಲಿಲ್ಲ, 18 ಸಾವಿರ ಕೈಲೆ ಹೋತು. ಎರಡನೇ ಸಲ ಗದಗಿನ ಸರ್ಕಾರಿ ಆಸ್ಪತ್ರಿಯಿಂದ ರೆಫರಲ್ ಚೀಟಿ ತಗೊಂಡು ಹೋದ್ವಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಆತು, 2018ರಿಂದ ಐತಿ ಅದು, ಬಿಪಿಎಲ್ ಕಾರ್ಡ್ ಇದ್ದ ಮನಿಗೆ ವರ್ಷಕ್ಕ 5 ಲಕ್ಷದ ತನಕ. ಬಸ್ ಚಾರ್ಜು, ಊಟ, ಅಕ್ಕನ ಕೂಲಿ ಮುರದಿದ್ದು ಅಷ್ಟ ನಮ್ಮದು. ಮೊದಲು ಸರ್ಕಾರಿ ಆಸ್ಪತ್ರಿ ಬಾಗಲಾ ತುಳದು ಚೀಟಿ ತಗೋರಿ, ಸೀದಾ ದೊಡ್ಡ ಆಸ್ಪತ್ರಿಗೆ ಹೋದ್ರ ವಾಪಸ್ ಕಳಸ್ತಾರ.

ಈಗ ನನ್ನ ಅಂಗಡಿ ಒಂದು ಥರ ದವಾಖಾನಿನ ಆಗೈತಿ ಅಂತ ನಮ್ಮನಿಯವರು ಚಾಷ್ಟಿ ಮಾಡತಾರ. ಅಳತಿ ತಗೋವಾಗ ಹುಡುಗ್ಯಾರು ಕಿವಿಯಾಗ ಹೇಳತಾರ, "ಅಕ್ಕಾರ ಇಲ್ಲೊಂದು ಗಂಟು". ನಾನು ಮುಟ್ಟಿ ನೋಡಂಗಿಲ್ಲ, ಅದು ನನ್ನ ಕೆಲಸ ಅಲ್ಲ, ಡಾಕ್ಟರಿಗೆ ಕಳಸ್ತೀನಿ. ಮೊನ್ನೆ ಒಬ್ಬಾಕಿ, 28 ವರ್ಷ, ಎರಡು ವರ್ಷದ ಕೂಸಿನ ತಾಯಿ, ಗಟ್ಟಿ ಗಂಟು, ಮ್ಯಾಲ ಕೆಂಪಾಗಿ ಕೀವು ಸೋರಾಕತ್ತಿತ್ತು, ಕ್ಯಾನ್ಸರ್ ಅಂತ ಅತ್ತಿ ಮನಿಯವರು ತವರಿಗೆ ಬಿಟ್ಟು ಹೋಗಿದ್ರು. ಬಯಾಪ್ಸಿಯಾಗ ಗ್ರಾನ್ಯುಲೊಮ್ಯಾಟಸ್ ಮಾಸ್ಟೈಟಿಸ್ ಅಂತ ಬಂತು, ಅದು ಒಂದು ಥರ ಉರಿಯೂತ, ಹೆರಿಗಿ ಆಗಿ ಕೆಲವು ವರ್ಷದಾಗ ಹರೇದವರಿಗೆ ಬರತೈತಿ, ನೋಡಾಕ ಥೇಟ್ ಕ್ಯಾನ್ಸರ್ ಹಂಗ. ಟಿಬಿನೂ ಮೊಲಿಗೆ ಬರತೈತಂತ, ಅದಲ್ಲ ಅಂತ ಮೊದಲು ಖಾತ್ರಿ ಮಾಡ್ಕೊಂಡು ಗುಳಗಿ ಚಾಲೂ ಮಾಡಿದ್ರು. ಆಕಿದೂ ತೀರ್ಮಾನ ಮಾಡಿದ್ದು ಲ್ಯಾಬ್. ಒಬ್ಬಾಕಿಗೆ ಏನೂ ಇಲ್ಲ ಅಂದಿದ್ದು ಬಾರ್ಡರ್‌ಲೈನ್ ಆತು, ಒಬ್ಬಾಕಿಗೆ ಕ್ಯಾನ್ಸರ್ ಅಂದಿದ್ದು ಗುಳಗಿಲೆ ಹೋಗೂದಾತು. ಕೈಲೆ ಮುಟ್ಟಿ, ಕಣ್ಣಲೆ ನೋಡಿ ಹೇಳೂದು ಎಷ್ಟರ ಮಟ್ಟಿಗಿನದು ಅಂತ ತಿಳ್ಕೋರಿ.

ಅದಕ್ಕ ಸಂಪಾದಕರ, ನನ್ನದೊಂದು ಬೇಡಿಕಿ ಐತಿ, ನಿಮ್ಮ ಪೇಪರಿನ ಮೂಲಕ ನಮ್ಮ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಅಧಿಕಾರಿ ಡಿಎಚ್‌ಒ ಸಾಹೇಬರಿಗೆ. ಖಾಸಗಿ ದವಾಖಾನಿಗೋಳಿಗೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಪ್ರಕಾರ ನೋಂದಣಿ ಕೊಡೂ ಜಿಲ್ಲಾ ಪ್ರಾಧಿಕಾರಕ್ಕ ಡಿಸಿ ಸಾಹೇಬರೇ ಅಧ್ಯಕ್ಷರು ಅಂತ ನನ್ನ ಗಿರಾಕಿ ಒಬ್ಬ ವಕೀಲರ ಮನಿಯವರು ಹೇಳಿದ್ರು. ಹಂಗಿದ್ರ ತಪಾಸಣಿಗೆ ಹೋದಾಗ ಬೋರ್ಡು, ರೇಟು, ಬೆಡ್ಡು ನೋಡಿದಂಗ ಇದೊಂದು ಕೇಳ್ರಿ: ಈ ವರ್ಷ ಎಷ್ಟು ಗಡ್ಡಿ ಕೊಯ್ದೀರಿ, ಅದರಾಗ ಎಷ್ಟು ಲ್ಯಾಬಿಗೆ ಕಳಸೀರಿ, ರಿಜಿಸ್ಟರ್ ತೋರಸ್ರಿ. ಮೊಲಿ ಗಡ್ಡಿ ಅಷ್ಟ ಅಲ್ಲ, ಕುತಗಿದು, ಬೆನ್ನಿಂದು, ಗರ್ಭಚೀಲ ತಗದಿದ್ದು, ಎಲ್ಲಾ. ನರ್ಸಿಂಗ್ ಹೋಮಿನಾಗ ಲ್ಯಾಬ್ ಇಲ್ಲ ಅಂತ ನೆವ ಹೇಳಾಕ ಬರಂಗಿಲ್ಲ, ಗದಗಿನಾಗ ಮೆಡಿಕಲ್ ಕಾಲೇಜ್ ಐತಿ, ಹಾವೇರಿಯಾಗ ಬಂದೈತಿ, ಹುಬ್ಬಳ್ಳಿಯಾಗ ನಾವಿನ್ನೂ ಕಿಮ್ಸ್ ಅನ್ನೂ ದೊಡ್ಡ ಆಸ್ಪತ್ರಿ ಐತಿ, ನವನಗರದಾಗ ಕ್ಯಾನ್ಸರ್ ಆಸ್ಪತ್ರಿನ ಐತಿ. ಒಂದು ಡಬ್ಬಿ, ಒಂದಿಷ್ಟು ಫಾರ್ಮಲಿನ್, ಒಬ್ಬ ಹುಡುಗ, ಒಂದು ಬಸ್ ಟಿಕೆಟು. ಅಷ್ಟಕ್ಕ ಕೆಲಸ ನಿಲ್ಲಬಾರದು.

ಹುಡುಗ್ಯಾರಿಗೆ, ಅವರ ಅವ್ವಗೋಳಿಗೆ ನಾ ಹೇಳೂದು ನಾ ತಪ್ಪು ಮಾಡಿದ ಜಾಗಾದ್ದ. ಆಪರೇಷನ್ ಆದ ಮ್ಯಾಲ ಟ್ರೇ ತಂದು ತೋರಿಸಿದ್ರ ಹೂಂ ಅಂತ ಸುಮ್ನ ಆಗಬ್ಯಾಡ್ರಿ, ಇದು ಯಾವ ಲ್ಯಾಬಿಗೆ ಹೋಗತೈತಿ, ರಿಪೋರ್ಟ್ ಯಾವತ್ತು ಬರತೈತಿ ಕೇಳ್ರಿ. ಖರ್ಚು ಉಳಸ್ತೀವಿ ಅಂದ್ರ ಬ್ಯಾಡ್ರಿ ಅನ್ರಿ. ರಿಪೋರ್ಟ್ ಬಂದ ಮ್ಯಾಲ ಬರೇ ಟಾಕಿ ಬಿಚ್ಚಿಸಿ ಸುಮ್ನ ಮನಿಗೆ ಹೋಗಬ್ಯಾಡ್ರಿ, ಅದನ್ನ ಡಾಕ್ಟರ್ ಕಡೆ ಓದಸ್ರಿ, ಮಾರ್ಜಿನ್ ಏನು ಬರದಾರ ಕೇಳ್ರಿ, ಜೆರಾಕ್ಸ್ ಅಲ್ಲ ಒರಿಜಿನಲ್ ನಿಮ್ಮ ಕಡೆ ಇಟ್ಕೋರಿ. ರೇಷನ್ ಕಾರ್ಡ್ ಇಟ್ಟ ಪಿಶವಿಯಾಗನ ಇಡ್ರಿ, ಅದೊಂದೇ ನಮ್ಮ ಮನಿಯಾಗ ಕಳಿಯಲಾರದ್ದು.

ನನ್ನ ಹೆಸರು ಹಾಕಬ್ಯಾಡ್ರಿ, ನನಗೇನೂ ಇಲ್ಲ, ಆದ್ರ ಹುಡುಗಿಗೆ ವರ ನೋಡಾಕತ್ತೇವಿ, ಹೆಸರು ಹಿಡದ್ರ ಬೆಟಗೇರಿಯಾಗ ಗುರ್ತು ಹತ್ತಾಕ ಎಷ್ಟೊತ್ತು. ಮುಚ್ಚಿ ಮದುವಿ ಮಾಡಂಗಿಲ್ಲ ನಾವು, ನೋಡಾಕ ಬಂದ ಒಬ್ಬರಿಗೆ ಹೇಳೇವಿ, ಅವರು ತಿಳಸ್ತೀವಿ ಅಂತ ಹೋದವರು ಇನ್ನೂ ತಿಳಸಿಲ್ಲ. ಬಿ.ಎಡ್ ಫಸ್ಟ್ ಕ್ಲಾಸಿನಾಗ ಪಾಸಾಗ್ಯಾಳ, ಒಂದು ಶಾಲ್ಯಾಗ ಗಣಿತ ಕಲಸ್ತಾಳ. ಎಡಗಡಿ ಸ್ವಲ್ಪ ತಗ್ಗಾಗೈತಿ, ಅದಕ್ಕ ಆಕಿ ಬ್ಲೌಸಿಗೆ ಎಡಗಡಿ ಕಟೋರಿ ಒಳಗ ಮೆತ್ತನ ಕಾಟನ್ ಎರಡು ಪದರ ಹಾಕಿ ಟಕ್ಸ್ ಅರ್ಧ ಇಂಚು ಸರಸಿ ಹೊಲಿತೀನಿ, ಹೊರಗ ಏನೂ ತಿಳಿಯಂಗಿಲ್ಲ. ಮುಂದಿನ ಸ್ಕ್ಯಾನಿಂಗ್ ಶ್ರಾವಣ ಮುಗದ ಮ್ಯಾಲ ಐತಿ. ಅಳತಿ ಪುಸ್ತಕದಾಗ ಆಕಿ ಹಾಳಿ ತುಂಬೈತಿ, ಹೊಸಾ ಹಾಳಿ ಹಚ್ಚೀನಿ.

ಇಂತಿ,
ಒಬ್ಬಾಕಿ ಹೊಲಿಗಿ ಕೆಲಸದಾಕಿ
ಬೆಟಗೇರಿ, ಗದಗ